ಹುಳ ತಿಂದ ಎಲೆಯ ಚರಿತ್ರೆ

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಲ್ಲಿಂದ 1956ರ ರಾಜ್ಯ ಪುನರ್ವಿಂಗಡಣೆಯ ತನಕ ನಮ್ಮ ಜಿಲ್ಲೆಯ ಕಾಗದಪತ್ರ, ಕೋರ್ಟು, ನೌಕರಿ ಎಲ್ಲದರ ಮುಖವೂ ಮುಂಬಯಿ ಕಡೆಗೇ ಇತ್ತು. ನನ್ನಂಥವರು ಡೊಂಬಿವಲಿ, ಮುಲುಂಡ್‌ಗಳಲ್ಲಿ ಮನೆ ಮಾಡಿಕೊಂಡಿರುವುದಕ್ಕೆ ಈ ಹಳೆಯ ನಂಟೂ ಒಂದು ಕಾರಣ. ಆದರೆ ಈ ದಾರಿಯಲ್ಲಿ ಓಡಾಡಿದ್ದು ಜನ ಮಾತ್ರ ಅಲ್ಲ. ಅಂಗಳಕ್ಕೆ ಚಿಟ್ಟೆ ಬರಬೇಕಾದರೆ ಏನು ನೆಡಬೇಕು ಎಂಬ ತಿಳಿವಳಿಕೆಯ ದೊಡ್ಡ ಪಾಲೂ ಕಾರವಾರದ ಕಡೆಯಿಂದ ಮುಂಬಯಿಗೆ ಬಂದದ್ದು.

ಆ ಕತೆ ಶುರುವಾಗುವುದು ಒಬ್ಬ ಸುಂಕದ ಅಧಿಕಾರಿಯಿಂದ. ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್ 1851ರಲ್ಲಿ ಸಾತಾರಾದಲ್ಲಿ ಹುಟ್ಟಿದವನು. ಉಪ್ಪು ಮತ್ತು ಸುಂಕದ ಇಲಾಖೆಯ ಕೆಲಸದಲ್ಲಿ ಗುಜರಾತಿನ ಖಾರಾಘೋಡಾ, ಮುಂಬಯಿ ಪಕ್ಕದ ಉರಣ್, ಗೋವಾ ಗಡಿಗೆ ತಾಗಿದ ನಮ್ಮ ಉತ್ತರ ಕನ್ನಡ, ಹೀಗೆ ಊರೂರು ತಿರುಗಿದ. ‘ಇ.ಎಚ್.ಎ.’ ಎಂಬ ಮೂರು ಅಕ್ಷರದ ಹೆಸರಲ್ಲಿ ಬರೆಯುತ್ತಿದ್ದ. 1883ರಲ್ಲಿ ಪುಸ್ತಕವಾಗಿ ಬಂದ ಅವನ ‘ದ ಟ್ರೈಬ್ಸ್ ಆನ್ ಮೈ ಫ್ರಂಟಿಯರ್’ ಹುಲಿ, ಆನೆಗಳ ಬೇಟೆಯ ಪುಸ್ತಕವಲ್ಲ. ಬಂಗಲೆಯ ಒಳಗೆ, ಸುತ್ತಮುತ್ತ ವಾಸಿಸುವ ಇಲಿ, ಹಲ್ಲಿ, ಇರುವೆ, ಕಾಗೆ, ಕಪ್ಪೆ, ಚಿಟ್ಟೆಗಳ ಕುರಿತದ್ದು. ವನ್ಯಜೀವಿ ಎಂದರೆ ಕಾಡಿಗೆ ಹೋಗಿ ಕೋವಿ ಹಿಡಿದು ನೋಡುವಂಥದ್ದು ಎಂದು ಸಾಹೇಬರು ತಿಳಿದಿದ್ದ ಕಾಲದಲ್ಲಿ ಅವನು ಜಗಲಿಯ ಮೇಲೆ ಕೂತು ಹಿತ್ತಲನ್ನೇ ನೋಡಿದ.

ಅದೇ 1883ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದರು. ಆ ಎಂಟರಲ್ಲಿ ಐಟ್ಕೆನ್ ಒಬ್ಬ, ಡಾ. ಆತ್ಮಾರಾಮ್ ಪಾಂಡುರಂಗ, ಡಾ. ಸಖಾರಾಮ್ ಅರ್ಜುನ್ ಎಂಬ ಇಬ್ಬರು ಭಾರತೀಯರೂ ಇದ್ದರು. ಮುಂದೆ ಉತ್ತರ ಕನ್ನಡದಲ್ಲಿ ಐಟ್ಕೆನ್‌ಗೆ ಇಬ್ಬರು ಜೊತೆಗಾರರು ಸಿಕ್ಕಿದರು. ಒಬ್ಬ ಜಿಲ್ಲೆಯ ಕಲೆಕ್ಟರ್ ಜೇಮ್ಸ್ ಡೇವಿಡ್ಸನ್, ಇನ್ನೊಬ್ಬ ಐರ್ಲೆಂಡಿನಿಂದ ಬಂದ ಅರಣ್ಯಾಧಿಕಾರಿ ಟಿ. ಆರ್. ಬೆಲ್. ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಕುರಿತು ಬರೆದ ದೀರ್ಘ ಲೇಖನ 1896ರಿಂದ ಆ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಲ್ಲಿ ಬಂತು.

ಅವರ ಕೆಲಸದ ರೀತಿಯಲ್ಲೇ ವಿಶೇಷವಿದೆ. ಚಿಟ್ಟೆಯನ್ನು ಬಲೆಯಲ್ಲಿ ಹಿಡಿದು, ಸೂಜಿ ಚುಚ್ಚಿ, ಪೆಟ್ಟಿಗೆಯಲ್ಲಿ ಜೋಡಿಸಿಡುವುದು ಆಗಿನ ರೂಢಿ. ಇವರು ಮೊಟ್ಟೆಯನ್ನೂ ಮರಿಹುಳವನ್ನೂ ಮನೆಗೆ ತಂದು ಸಾಕಿದರು. ಯಾವ ಹುಳ ಯಾವ ಎಲೆ ತಿನ್ನುತ್ತದೆ, ಹೇಗೆ ಬಣ್ಣ ಬದಲಿಸುತ್ತದೆ, ಕೋಶದಿಂದ ಕೊನೆಗೆ ಯಾವ ಚಿಟ್ಟೆ ಹೊರಡುತ್ತದೆ ಎಂದು ಒಂದೊಂದಾಗಿ ನೋಡಿ ಬರೆದಿಟ್ಟರು. ಹುಳಕ್ಕೆ ಸಿಕ್ಕಿದ ಸೊಪ್ಪೆಲ್ಲ ನಡೆಯುವುದಿಲ್ಲ. ಹೆಣ್ಣುಚಿಟ್ಟೆ ಎಲೆಯ ಮೇಲೆ ಕೂತು ಕಾಲಿನಿಂದಲೇ ರುಚಿ ನೋಡುತ್ತದೆ. ತನ್ನ ಮಕ್ಕಳಿಗೆ ಒಗ್ಗುವ ಗಿಡ ಹೌದೆಂದು ಗೊತ್ತಾದ ಮೇಲೆಯೇ ಮೊಟ್ಟೆ ಇಡುತ್ತದೆ. ಹಾಗಾಗಿ ಇಂಥ ಚಿಟ್ಟೆಗೆ ಇಂಥ ಗಿಡ ಎಂಬ ಪಟ್ಟಿ ಇಲ್ಲದೆ ಚಿಟ್ಟೆಯ ತೋಟವನ್ನು ಯೋಜಿಸಲು ಬರುವುದಿಲ್ಲ. ಇಂದು ನಮ್ಮ ಕಡೆ ಬಳಕೆಯಲ್ಲಿರುವ ಇಂಥ ಪಟ್ಟಿಗಳ ತಳದಲ್ಲಿ ಈ ಮೂವರ ದುಡಿಮೆಯಿದೆ. ಬೆಲ್ ನಿವೃತ್ತನಾದ ಮೇಲೆ ಸ್ವದೇಶಕ್ಕೆ ಹೋಗಿ ನೆಲೆಸಲಿಲ್ಲ. ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲಿಯೇ ತೀರಿಕೊಂಡ.

ಅವರ ಪಟ್ಟಿಯಲ್ಲಿ ಬರುವಂಥ ಗಿಡಗಳು ನಮಗೆ ಹೊಸವೇನಲ್ಲ. ಕರಿಬೇವು ಮತ್ತು ಲಿಂಬೆಯ ಎಲೆ ಕಾಮನ್ ಮಾರ್ಮನ್ ಚಿಟ್ಟೆಯ ಹುಳಕ್ಕೆ ಊಟ. ಎಕ್ಕದ ಎಲೆ ಪ್ಲೇನ್ ಟೈಗರ್‌ಗೆ, ಕಣಗಿಲೆ ಕಾಮನ್ ಕ್ರೋಗೆ, ಕಕ್ಕೆ ಎಮಿಗ್ರಂಟ್‌ಗೆ, ಸಂಪಿಗೆ ಮತ್ತು ಸೀತಾಫಲ ಟೇಲ್ಡ್ ಜೇಗೆ. ನನ್ನ ಆಯಿಯ ಹಿತ್ತಲಲ್ಲಿ ಇವೆಲ್ಲ ಇದ್ದವು. ಒಂದು ಒಗ್ಗರಣೆಗೆ, ಒಂದು ಉಪ್ಪಿನಕಾಯಿಗೆ, ಒಂದು ದೇವರ ಪೂಜೆಗೆ. ಚಿಟ್ಟೆ ಬರಲಿ ಎಂದು ಆಯಿ ಯಾವುದನ್ನೂ ನೆಟ್ಟವಳಲ್ಲ. ಆದರೆ ಎಲೆಗೆ ಹುಳ ಬಿತ್ತೆಂದು ಔಷಧಿ ಹೊಡೆಸಿದವಳೂ ಅಲ್ಲ. ಹುಳ ತಿಂದು ಉಳಿದ ಕರಿಬೇವು ಮನೆಗೆ ಸಾಕಾಗುತ್ತಿತ್ತು.

ಅದೇ ಬ್ರಿಟಿಷ್ ಕಾಲ ನಮಗೆ ಇನ್ನೊಂದು ಬಗೆಯ ತೋಟವನ್ನೂ ಕೊಟ್ಟಿತು, ನೋಡುವುದಕ್ಕೆಂದೇ ಇರುವ ತೋಟ. ಅದಕ್ಕಾಗಿ ಹಡಗುಗಳಲ್ಲಿ ಗಿಡಗಳು ಬಂದವು. ಮಡಗಾಸ್ಕರ್‌ನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಬೋಗನ್‌ವಿಲ್ಲಾ, ಈಗ ಎಲ್ಲ ಬೇಲಿಗಳಲ್ಲೂ ಕಾಣುವ ಡುರಾಂಟಾ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹೊರಗಿನಿಂದ ಬಂದು ಇಲ್ಲಿ ನೆಲೆಯಾದ ನಾವು ಹಾಗೆ ಹೇಳುವುದು ಚೆನ್ನಾಗಿಯೂ ಕಾಣುವುದಿಲ್ಲ. ಆದರೆ ಲಂಟಾನದ ಕತೆಯನ್ನು ನೆನಪಿಡಬೇಕು. ಅದು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಣ್ಣದ ಹೂವಿಗಾಗಿ ಬಂದ ಅಲಂಕಾರದ ಗಿಡ. ಇಂದು ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳ ನೆಲವನ್ನೇ ಆವರಿಸಿದೆ. ಅದರ ಹೂವಿಗೆ ಚಿಟ್ಟೆಗಳು ಮುತ್ತುತ್ತವೆ, ನಿಜ. ಆದರೆ ನಮ್ಮ ಚಿಟ್ಟೆಗಳ ಹುಳಗಳಿಗೆ ಅದರ ಎಲೆ ಊಟವಲ್ಲ. ಹೂವಿಗೆ ಬರುವ ಚಿಟ್ಟೆ ಜೇನು ಕುಡಿದು ಹೋಗುವ ನೆಂಟ. ಎಲೆಗೆ ಬರುವ ಚಿಟ್ಟೆ ಸಂಸಾರ ಹೂಡುವುದಕ್ಕೆ ಬಂದದ್ದು.

ನಾನಿರುವ ಹೌಸಿಂಗ್ ಸೊಸೈಟಿಯಲ್ಲಿ ಈ ಪ್ರಶ್ನೆ ಈಗ ಚರ್ಚೆಯಲ್ಲಿದೆ. ತೋಟವನ್ನು ಹೊಸದಾಗಿ ಮಾಡಿಸಬೇಕು, ಚೆಂದವೂ ಇರಬೇಕು, ಚಿಟ್ಟೆ ಹಕ್ಕಿಗಳೂ ಬರಬೇಕು ಎಂದು ಕಮಿಟಿಯ ಅಪೇಕ್ಷೆ. ಕಾಂಟ್ರ್ಯಾಕ್ಟರ್ ತಂದ ನಕ್ಷೆಯಲ್ಲಿರುವುದು ಹಾಸುಹುಲ್ಲು, ಕ್ರೋಟನ್, ಕತ್ತರಿಸಿದ ಡುರಾಂಟಾ ಮತ್ತು ತಿಂಗಳಿಗೊಮ್ಮೆ ಕೀಟನಾಶಕ. ಗೋಡೆ ಪಕ್ಕದ ಹಳೆಯ ಲಿಂಬೆಗಿಡವನ್ನು, ಎಲೆಯೆಲ್ಲ ತೂತು ಎಂಬ ಕಾರಣಕ್ಕೆ, ತೆಗೆಯಬೇಕಂತೆ. ಅಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳಗಳಿವೆ. ದೊಡ್ಡದಾದ ಮೇಲೆ ಹಸಿರಾಗುತ್ತವೆ. ಮಹಾರಾಷ್ಟ್ರ 2015ರಲ್ಲಿ ತನ್ನ ರಾಜ್ಯ ಚಿಟ್ಟೆ ಎಂದು ಘೋಷಿಸಿದ ಬ್ಲೂ ಮಾರ್ಮನ್, ಮರಾಠಿಯ ‘ರಾಣಿ ಪಾಕೋಳಿ’, ಮೊಟ್ಟೆ ಇಡುವುದೂ ಲಿಂಬೆ, ಚಕ್ಕೋತದ ಜಾತಿಯ ಗಿಡಗಳಲ್ಲೇ. ಲಿಂಬೆಯನ್ನು ಕಡಿದು ಗೋಡೆಗೆ ಚಿಟ್ಟೆಯ ಚಿತ್ರ ಬರೆಸಿದರೆ ಏನು ಬಂತು?

ಹಕ್ಕಿಗೂ ಇದೇ ಲೆಕ್ಕ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಗೂಡಿನ ಮರಿಗೆ ಕೊಡುವುದು ಹುಳವನ್ನೇ. ದಾಸವಾಳದ ಹೂವಿಗೆ ಬರುವ ಸೂರಕ್ಕಿಯ ಮರಿಗೂ ಬರಿಯ ಮಕರಂದ ಸಾಲದು. ಎಲೆಯಲ್ಲಿ ಹುಳವಿಲ್ಲದ ತೋಟದಲ್ಲಿ ಮರಿ ಸಾಕುವುದು ಅವಕ್ಕೆ ಕಷ್ಟ.

ಹಾಗಾದರೆ ಚೆಂದ? ಅದಕ್ಕೆ ಇನ್ನೊಬ್ಬರಿಂದ ಕಲಿಯುವುದಿದೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, 1893ರಲ್ಲಿ ಬರೋಡಾಕ್ಕೆ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೃಂಬಿಗಲ್, ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂ ಮುಗಿಯುವಾಗ ಇನ್ನೊಂದರದು ಅರಳುವಂತೆ ನೆಡಿಸಿದವರೆಂದು ಹೆಸರಾದವರು. ಆ ಕ್ರಮವನ್ನು ಚಿಕ್ಕ ತೋಟಕ್ಕೂ ತರಬಹುದು. ನಾನು ಕಮಿಟಿಗೆ ಕೊಟ್ಟ ನಕ್ಷೆಯಲ್ಲಿ ಮುಂದಿನ ಸಾಲು ನೋಡುವವರದ್ದು: ದಾಸವಾಳ, ಕೇಪಳ, ರತ್ನಗಂಧಿ, ವರ್ಷದ ಯಾವ ತಿಂಗಳೂ ಹೂವಿಲ್ಲದೆ ಇರದಂತೆ. ಹಿಂದಿನ ಸಾಲು ತಿನ್ನುವವರದ್ದು: ಲಿಂಬೆ, ಕರಿಬೇವು, ಸೀತಾಫಲ, ಮೂಲೆಯಲ್ಲೊಂದು ಕಕ್ಕೆ. ಎಕ್ಕ ಮತ್ತು ಕಣಗಿಲೆ ವಿಷದ ಗಿಡಗಳಾದ್ದರಿಂದ ಮಕ್ಕಳ ಆಟದ ಜಾಗದಿಂದ ದೂರ. ಬಿಸಿಲು ಬೀಳುವಲ್ಲಿ ಒಂದು ಒದ್ದೆ ಮಣ್ಣಿನ ತಟ್ಟೆ, ನೆರಳಲ್ಲಿ ಹಕ್ಕಿಗೆ ನೀರು. ಕೀಟನಾಶಕ ಬೇಡವೇ ಬೇಡ.

ಪುಣೆ, ಹೈದರಾಬಾದ್, ದೆಹಲಿಯ ಬಾಡಿಗೆ ಮನೆಗಳಲ್ಲಿರುವ ನಮ್ಮವರಿಗೆ ಇಷ್ಟು ಜಾಗ ಎಲ್ಲಿಂದ ಬರಬೇಕು? ಬಿಸಿಲು ಬರುವ ಬಾಲ್ಕನಿಯಿದ್ದರೆ ಒಂದು ಕುಂಡದಲ್ಲಿ ಕರಿಬೇವು, ಒಂದರಲ್ಲಿ ಲಿಂಬೆ, ಒಂದರಲ್ಲಿ ದಾಸವಾಳ ಇಡಿ. ಮಳೆಗಾಲ ಶುರುವಾದ ಮೇಲೆ ಎಳೆ ಎಲೆಗಳ ಮೇಲೆ ಕಣ್ಣಿಡಿ. ಹಿಕ್ಕೆಯಂಥ ಹುಳ ಕಂಡರೆ ಒಗ್ಗರಣೆಗೆ ಇನ್ನೊಂದು ಟೊಂಗೆಯಿಂದ ಎಲೆ ಕಿತ್ತುಕೊಳ್ಳಿ, ಆ ಟೊಂಗೆಯನ್ನು ಎರಡು ಮೂರು ವಾರ ಬಿಟ್ಟುಬಿಡಿ. ಕಾರವಾರದಲ್ಲಿ ಆ ಮೂವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಎಲೆಯನ್ನು ಹುಳಕ್ಕೆ ಬಿಟ್ಟುಕೊಟ್ಟು, ಪಕ್ಕದಲ್ಲಿ ಕೂತು ನೋಡಿದರು.