ಮಿದುಳಿಗೆ ಕಟ್ಟಿದ ಕಸಿ

ನಮ್ಮ ಇಟ್ಟಿಗಿ, ಹಡಗಲಿ ಕಡೆಯ ಒಕ್ಕಲಿಗನಿಗೆ ಕಸಿ ಎಂಬುದು ತೋಟದ ಮಾತು. ನಾಟಿ ಮಾವಿನ ಬುಡಕ್ಕೆ ಒಳ್ಳೆಯ ಜಾತಿಯ ಕಡ್ಡಿಯನ್ನು ಕೂಡಿಸಿ ಕಟ್ಟಿದರೆ ಎರಡೂ ಬೆಸೆದು ಒಂದೇ ಮರವಾಗಿ ಫಲ ಕೊಡುತ್ತವೆ. ವೈದ್ಯರೂ ಈ ಮಾತನ್ನೇ ಎರವಲು ಪಡೆದಿದ್ದಾರೆ. ಆದರೆ ಮನುಷ್ಯನ ಒಡಲು ಮಾವಿನ ಮರದಷ್ಟು ಉದಾರಿಯಲ್ಲ. ಒಬ್ಬನ ಚರ್ಮವನ್ನು ಇನ್ನೊಬ್ಬನ ಮೈಗೆ ಹಚ್ಚಿದರೆ, ಕೆಲವು ದಿನ ಹತ್ತಿಕೊಂಡಂತೆ ಕಂಡು ಬಳಿಕ ಕಪ್ಪಾಗಿ ಉದುರಿಹೋಗುತ್ತದೆ. ನೆತ್ತರಿನ ಬಿಳಿಯ ಕಣಗಳು ಬಂದದ್ದು ಪರಕೀಯವೆಂದು ಗುರುತಿಸಿ ಅದನ್ನು ನಾಶಮಾಡುತ್ತವೆ.

ಈ ನಿಯಮಕ್ಕೆ ಮಿದುಳು ಅಪವಾದವೆಂದು ವೈದ್ಯಲೋಕ ಬಹುಕಾಲ ನಂಬಿತ್ತು. ಆ ನಂಬಿಕೆ ಹುಟ್ಟಿದ ಬಗೆಯನ್ನೂ, ಅದರಲ್ಲಿ ಅರ್ಧ ಮಾತು ಮರೆತುಹೋದುದರ ಫಲವನ್ನೂ ಇಲ್ಲಿ ಹೇಳಬಯಸುತ್ತೇನೆ.

1890ರಲ್ಲಿ ನ್ಯೂಯಾರ್ಕಿನ ಡಾ. ಥಾಂಪ್ಸನ್ ಬೆಕ್ಕಿನ ಮಿದುಳಿನ ತುಣುಕೊಂದನ್ನು ನಾಯಿಯ ಮಿದುಳಿನಲ್ಲಿಟ್ಟರು. ಏಳು ವಾರಗಳ ಮೇಲೆ ತೆರೆದು ನೋಡಿದಾಗ ತುಣುಕು ಅಲ್ಲಿಯೇ ಇತ್ತು. ಕಸಿ ಗೆದ್ದಿತೆಂದು ಅವರು ಸಾರಿದರು. ಅದರೊಳಗಿನ ನರಕೋಶಗಳು ಬದುಕಿರಲಾರವೆಂಬುದು ಇಂದಿನವರ ತೀರ್ಮಾನ. 1917ರಲ್ಲಿ ಎಲಿಜಬೆತ್ ಡನ್ ಎಂಬ ವಿದುಷಿ ಎಳೆಯ ಇಲಿಗಳ ಮೇಲೆ ನಡೆಸಿದ 46 ಕಸಿಗಳ ವರದಿ ಕೊಟ್ಟರು. ಬದುಕಿದ್ದು ನಾಲ್ಕು, ಆದರೆ ನಿಜವಾಗಿ ಬದುಕಿದ್ದವು.

1923ರಲ್ಲಿ ರಾಕ್‌ಫೆಲರ್ ಸಂಸ್ಥೆಯ ಮರ್ಫಿ ಮತ್ತು ಸ್ಟರ್ಮ್ ಒಂದು ಸೋಜಿಗವನ್ನು ಕಂಡರು. ಚಿಕ್ಕಿಲಿಯ ಗಡ್ಡೆಯನ್ನು ಹೆಗ್ಗಣ ಜಾತಿಯ ಇಲಿಯ ಚರ್ಮದಡಿ ಇಟ್ಟರೆ ಸಾಯುತ್ತದೆ, ಮಿದುಳಿನಲ್ಲಿ ಇಟ್ಟರೆ ಬೆಳೆಯುತ್ತದೆ! ಆದರೆ ಆ ಇಲಿಯದೇ ಗುಲ್ಮದ ಚೂರನ್ನು ಗಡ್ಡೆಯ ಪಕ್ಕದಲ್ಲಿಟ್ಟರೆ ಮಿದುಳಿನಲ್ಲಿಯೂ ಗಡ್ಡೆ ಸಾಯುತ್ತದೆ. ಅಂದರೆ ಮಿದುಳಿಗೆ ಪರಕೀಯರ ಮೇಲೆ ಪ್ರೀತಿಯೇನೂ ಇಲ್ಲ. ಅಲ್ಲಿಗೆ ಕಾವಲುಗಾರ ಬರುವುದು ಅಪರೂಪ, ಅಷ್ಟೇ.

ಇದನ್ನು ನಿಚ್ಚಳಗೊಳಿಸಿದವರು ಇಂಗ್ಲೆಂಡಿನ ಪೀಟರ್ ಮೆಡಾವರ್. 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವರು ಮೊಲದ ಮಿದುಳಿನಲ್ಲಿ ಬೇರೊಂದು ಮೊಲದ ಚರ್ಮವನ್ನಿಟ್ಟರು, ಅದು ಬದುಕಿತು. ಆದರೆ ಅದೇ ದಾನಿಯ ಚರ್ಮವನ್ನು ಮೊಲದ ಮೈಮೇಲೂ ಕಸಿ ಮಾಡಿದಾಗ ಎರಡೂ ನಾಶವಾದವು. ಕಾವಲುಗಾರನು ಬೇರೆಡೆ ಒಮ್ಮೆ ಎಚ್ಚೆತ್ತರೆ ಮಿದುಳನ್ನೂ ಹುಡುಕಿ ಬರುತ್ತಾನೆ. ಮೆಡಾವರ್ ಮುಂದೆ 1960ರಲ್ಲಿ ಬರ್ನೆಟ್ ಅವರೊಡನೆ ನೊಬೆಲ್ ಪಾರಿತೋಷಕ ಪಡೆದರು. ಈ ಪ್ರಯೋಗದ ಮೊದಲರ್ಧ ಎಲ್ಲರ ಬಾಯಲ್ಲಿ ಉಳಿಯಿತು. ಎರಡನೆಯ ಅರ್ಧಕ್ಕೆ ತಕ್ಕ ಮನ್ನಣೆ ಸಿಗಲಿಲ್ಲವೆಂದೇ ನನ್ನ ಅಭಿಪ್ರಾಯ.

ಇದು ಬರಿಯ ಪಂಡಿತರ ವಾದವಾಗಿ ಉಳಿಯಲಿಲ್ಲ. ನಮ್ಮ ಹಳೆಯ ವೈದ್ಯರು ಕಂಪವಾತವೆನ್ನುತ್ತಿದ್ದ ಪಾರ್ಕಿನ್ಸನ್ ರೋಗದಲ್ಲಿ ಡೋಪಮೈನ್ ಸ್ರವಿಸುವ ನರಕೋಶಗಳು ಸಾಯುತ್ತವೆ. ಅವುಗಳ ಜಾಗಕ್ಕೆ ಭ್ರೂಣದ ನರಕೋಶಗಳನ್ನು ನಾಟಿಮಾಡುವ ಚಿಕಿತ್ಸೆ 1987ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಆರಂಭವಾಯಿತು. ಅಮೆರಿಕದಲ್ಲಿ 40 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ರೋಗಿಗಳಿಗೆ ನಿರಾಕರಣೆ ತಡೆಯುವ ಔಷಧವನ್ನೇ ಕೊಟ್ಟಿರಲಿಲ್ಲ. 2003ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 34 ರೋಗಿಗಳಿದ್ದರು. ಅವರಿಗೆ ಸೈಕ್ಲೋಸ್ಪೊರಿನ್ ಕೊಟ್ಟದ್ದು ಆರು ತಿಂಗಳು ಮಾತ್ರ. ಕಸಿ ಪಡೆದವರು ಮೊದಲು ಚೇತರಿಸಿಕೊಂಡರು. ಔಷಧ ನಿಂತ ಮೇಲೆ ಮತ್ತೆ ಇಳಿಮುಖವಾದರು. ಆಮೇಲೆ ತೀರಿಕೊಂಡ ಕೆಲವರ ಮಿದುಳಿನಲ್ಲಿ ಕಸಿಯ ಸುತ್ತ ರಕ್ಷಣಾಕೋಶಗಳು ನೆರೆದಿದ್ದವು. ಹಿನ್ನಡೆಗೆ ಇದೇ ಕಾರಣವಿರಬಹುದೆಂದು ವೈದ್ಯರು ಸಂಶಯಪಟ್ಟರು.

ಸಂಶಯಕ್ಕೆ ಸಾಕ್ಷಿ 2007ರಲ್ಲಿ ಫ್ರಾನ್ಸಿನಿಂದ ಬಂತು. ಹಂಟಿಂಗ್ಟನ್ ರೋಗಕ್ಕೆ ಕಸಿ ಪಡೆದ 13 ಜನರಲ್ಲಿ ನಾಲ್ವರ ಒಡಲು ದಾನಿಯ ವಿರುದ್ಧ ಎಚ್ಚೆತ್ತಿತ್ತು. ಐದನೆಯವರಲ್ಲಿ ನಿರಾಕರಣೆ ನಡೆದೇ ಇತ್ತು. ಔಷಧ ಕೊಟ್ಟಾಗ ಅದು ಶಮನವಾಗಿ ಆರು ತಿಂಗಳೊಳಗೆ ಕಸಿ ಮತ್ತೆ ಚುರುಕಾಯಿತು. ಮಿದುಳಿನ ಪೊರೆಯಲ್ಲಿಯೇ ದುಗ್ಧನಾಳಗಳಿವೆಯೆಂದು 2015ರಲ್ಲಿ ವರ್ಜೀನಿಯ ಮತ್ತು ಹೆಲ್ಸಿಂಕಿಯ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿಕೊಟ್ಟರು. ಕಾವಲುಗಾರನಿಗೆ ಸುದ್ದಿ ಹೋಗುವ ದಾರಿ ಕಣ್ಣಿಗೆ ಬಿತ್ತು.

ನಮ್ಮ ನಾಡೂ ಈ ಚರಿತ್ರೆಯಿಂದ ಹೊರಗಿಲ್ಲ. ಬೆಂಗಳೂರಿನ ನರಶಸ್ತ್ರವೈದ್ಯ ಡಾ. ಎನ್. ಕೆ. ವೆಂಕಟರಮಣ ಮತ್ತು ಸಂಗಡಿಗರು 2010ರಲ್ಲಿ ಏಳು ಪಾರ್ಕಿನ್ಸನ್ ರೋಗಿಗಳ ವರದಿ ಪ್ರಕಟಿಸಿದರು. ಅವರು ಮಿದುಳಿಗೆ ಸೇರಿಸಿದ್ದು ರೋಗಿಗಳದೇ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು. ತನ್ನದೇ ಕೋಶವಾದರೆ ಪರಕೀಯವೆಂಬ ಮಾತೇ ಇಲ್ಲ. 2012ರಲ್ಲಿ ಅವರು ಇತರರ ಮಜ್ಜೆಯ ಕೋಶಗಳನ್ನು 12 ರೋಗಿಗಳಿಗೆ ಕೊಟ್ಟ ವರದಿ ಬಂತು. ಇವು ನರಕೋಶಗಳಲ್ಲ, ಎರಡೂ ಚಿಕ್ಕ ಆರಂಭಿಕ ಪರೀಕ್ಷೆಗಳು. ಅವುಗಳಿಂದ ರೋಗ ಗುಣವಾಗುತ್ತದೆಂದು ಸಾಧಿಸಲಾಗದು.

ಹೊರದೇಶಗಳಲ್ಲಿಯೂ ಇವೇ ಎರಡು ದಾರಿಗಳು. ರೋಗಿಯದೇ ಚರ್ಮದ ಕೋಶಗಳಿಂದ ನರಕೋಶಗಳನ್ನು ಬೆಳೆಸಿ, ನಿರಾಕರಣೆ ತಡೆಯುವ ಔಷಧವಿಲ್ಲದೆ ನಾಟಿಮಾಡಿದ ಒಂದು ಪ್ರಕರಣವನ್ನು ಅಮೆರಿಕದವರು 2020ರಲ್ಲಿ ಪ್ರಕಟಿಸಿದರು. 2025ರಲ್ಲಿ ಕ್ಯೋಟೊದವರು ಏಳು ರೋಗಿಗಳಿಗೆ, ಅಮೆರಿಕದವರು 12 ರೋಗಿಗಳಿಗೆ ಪರಕೀಯ ಕೋಶಗಳನ್ನು ಕೊಟ್ಟ ವರದಿಗಳು ಬಂದವು. ಎರಡರಲ್ಲೂ ವರ್ಷವೊಂದಾದರೂ ಔಷಧ ಕೊಟ್ಟಿದ್ದರು. ಮರೆತ ಅರ್ಧ ಮಾತನ್ನು ಈ ಸಲ ನೆನಪಿನಲ್ಲಿಟ್ಟಿದ್ದರು.

ನಡುಗುವ ಕೈಯ ತಂದೆಯನ್ನು ಕರೆದುಕೊಂಡು ಊರೂರು ಅಲೆಯುವ ಮಕ್ಕಳು ನಮ್ಮಲ್ಲಿ ಅನೇಕರು. 'ಸ್ಟೆಮ್ ಸೆಲ್' ಎಂಬ ಜಾಹೀರಾತು ಕಂಡರೆ ಹೊಲ ಮಾರಲೂ ಮನಸ್ಸಾಗುತ್ತದೆ. ಆದರೆ ಕೆಲವು ರಕ್ತರೋಗಗಳನ್ನು ಬಿಟ್ಟರೆ ಉಳಿದ ರೋಗಗಳಿಗೆ ಈ ಚಿಕಿತ್ಸೆ ಪರೀಕ್ಷೆಯ ರೂಪದಲ್ಲಿ ಮಾತ್ರ ನಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ವಿಧಿಸಿದೆ. ಆದ್ದರಿಂದ ಹಣ ಎಣಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಇದು ನೋಂದಾಯಿತ ಪರೀಕ್ಷೆಯೇ? ಕೋಶಗಳು ಯಾರವು? ಅವು ಪರರವಾದರೆ, ನಿರಾಕರಣೆ ತಡೆಯಲು ಏನು ಮಾಡುತ್ತೀರಿ, ಎಷ್ಟು ದಿನ? ಇವಕ್ಕೆ ನೇರ ಉತ್ತರ ಕೊಡದವರ ಕೈಗೆ ತಂದೆಯ ಮಿದುಳನ್ನು ಒಪ್ಪಿಸಬಾರದು.