ಅಕ್ಕಡಿ ಸಾಲು

ಡಿಸೆಂಬರಿನ ಚಳಿಯಲ್ಲಿ ಬೆಂಗಳೂರಿನ ಮಾರುಕಟ್ಟೆಗೆ ಬಂದು ಬೀಳುವ ಅವರೆಕಾಯಿಯನ್ನು ಬಲ್ಲವರು ಬೆಲೆ ಕೇಳುವ ಮುನ್ನ ಒಂದು ಹಿಡಿ ಎತ್ತಿ ಮೂಸುತ್ತಾರೆ. ಕಾಯಿ ಕೈಗೆ ಜಿಡ್ಡು ಅಂಟಿಸಬೇಕು, ಸೊಗಡು ಹೊಡೆಯಬೇಕು. ಮಾಗಡಿ, ಕೋಲಾರ, ಚಿಂತಾಮಣಿ ಕಡೆಯ ಈ ಕಾಯಿ ತಲೆತಲಾಂತರದಿಂದ ಬೆಳೆದದ್ದು ರಾಗಿ ಹೊಲದ ನಡುವಿನ ಸಾಲುಗಳಲ್ಲಿ. ಆ ಸಾಲಿಗೆ ಹಳೇ ಮೈಸೂರಿನವರ ಮಾತಿನಲ್ಲಿ ಅಕ್ಕಡಿ ಎಂದು ಹೆಸರು.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತಲು ಹೊರಟ. ಎಲ್ಲಿ ಯಾವ ಮಣ್ಣು, ಎಷ್ಟು ಬೀಜ, ಎಷ್ಟು ಉಳುಮೆ ಎಂದು ಊರೂರಿನಲ್ಲಿ ಕೇಳಿ ಬರೆದುಕೊಂಡ ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ರಾಗಿಯ ಜೊತೆ ಸಾಲು ಹಿಡಿದು ಅವರೆ, ತೊಗರಿ ಬಿತ್ತುವ ಪದ್ಧತಿ ಅದರಲ್ಲಿ ದಾಖಲಾಗಿದೆ. ಹೊಸದಾಗಿ ಕೈಸೇರಿದ ನಾಡಿನ ಹುಟ್ಟುವಳಿ ಎಷ್ಟೆಂದು ಅಳೆಯುವುದು ಕಂಪನಿಯ ಉದ್ದೇಶ. ಆದರೂ ನಮ್ಮ ಒಕ್ಕಲುತನದ ಒಂದು ಒಳ್ಳೆಯ ಚಿತ್ರ ಆ ಪುಟಗಳಲ್ಲಿ ಉಳಿದುಕೊಂಡಿತು.

ಬಿತ್ತನೆಯ ದಿನ ಎತ್ತುಗಳು ಎಳೆಯುವ ಕೂರಿಗೆಯಲ್ಲಿ ರಾಗಿ ಇಳಿಯುತ್ತಿತ್ತು. ಕೂರಿಗೆಯ ಹಿಂದೆ ಹಗ್ಗಕ್ಕೆ ಕಟ್ಟಿದ ಬಿದಿರಿನ ಕೊಳವೆ, ಸಡ್ಡೆ. ಅದನ್ನು ಹಿಡಿದು ನಡೆಯುವವರು ಮಡಿಲಿನ ಬೀಜವನ್ನು ಒಂದೊಂದಾಗಿ ಬಿಡಬೇಕು. ಏಳೆಂಟು ಸಾಲು ರಾಗಿಗೆ ಒಂದೆರಡು ಸಾಲು ಅವರೆ ಅಥವಾ ತೊಗರಿ, ಅಲ್ಲಲ್ಲಿ ಜೋಳ, ಅಲಸಂದೆ, ಸಾಸಿವೆ, ಅಂಚಿನಲ್ಲಿ ಹುಚ್ಚೆಳ್ಳು, ಹರಳು. ಒಂದೇ ಹೊಲದಿಂದ ಮುದ್ದೆ, ಸಾರು, ಒಗ್ಗರಣೆ, ಚಟ್ನಿಪುಡಿ, ದೀಪದ ಎಣ್ಣೆ. ಅವರೆ, ತೊಗರಿಯ ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತದೆ; ಎತ್ತರದ ಜೋಳದ ಮೇಲೆ ಕೂತ ಹಕ್ಕಿ ಹುಳ ಹೆಕ್ಕುತ್ತದೆ. ರಾಗಿ ಕೊಯ್ದ ಮೇಲೂ ಇಬ್ಬನಿ ಕುಡಿದು ಅವರೆ ಕಾಯಿ ಬಿಡುತ್ತಲೇ ಇರುತ್ತದೆ. ರಾಗಿ ಹುಲ್ಲು ದನಕ್ಕೆ, ದನದ ಗೊಬ್ಬರ ಹೊಲಕ್ಕೆ. ಎರಡು ಮೂರು ಎಕರೆಯವನ ಬದುಕು ನಡೆದದ್ದು ಹೀಗೆ. ಮಳೆ ಒಂದು ಬೆಳೆಗೆ ಕೈಕೊಟ್ಟರೂ ಇನ್ನೊಂದಕ್ಕೆ ಒದಗುತ್ತದೆ ಎಂಬ ಲೆಕ್ಕಾಚಾರ ಅದರೊಳಗಿತ್ತು.

ಮಿಕ್ಕ ರಾಗಿ ಹಗೇವಿಗೆ ಹೋಗುತ್ತಿತ್ತು. ನೆಲದೊಳಗೆ ತೋಡಿದ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತಿತ್ತು. ಆದರೆ ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ಮಿತಿಯನ್ನೂ ಹೇಳಬೇಕು. ಹಗೇವು ಒಂದು ವರ್ಷದ ಬರವನ್ನು ದಾಟಿಸೀತು, ಸಾಲು ಬರವನ್ನು ದಾಟಿಸಲಾರದು. 1876-78ರ ಧಾತು ಈಶ್ವರ ಬರದಲ್ಲಿ ಅದೇ ಆಯಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು.

ಇಳುವರಿ ಹೆಚ್ಚಬೇಕೆಂಬ ಹಂಬಲ ಹುಸಿಯಲ್ಲ ಎಂಬುದಕ್ಕೆ ಈ ಸಂಖ್ಯೆಗಳೇ ಸಾಕ್ಷಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಆ ಹಂಬಲಕ್ಕೆ ಆಯುಷ್ಯವನ್ನೇ ಕೊಟ್ಟರು. ನಾಡ ರಾಗಿಗೆ ಆಫ್ರಿಕಾದ ರಾಗಿಯನ್ನು ಅಡ್ಡಹಾಯಿಸಿ ಅವರು ತಂದ ಇಂಡಾಫ್ ತಳಿಗಳ ಹೆಸರಿನಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಆ ಬೀಜ ಸಣ್ಣ ಹಿಡುವಳಿಗೂ ಒಗ್ಗಿತು. ಅಕ್ಕಡಿಯನ್ನು ಓಡಿಸಲಿಲ್ಲ.

ಓಡಿಸಿದ್ದು ನೀಲಗಿರಿ. ನಂದಿಬೆಟ್ಟದಲ್ಲಿ ಟಿಪ್ಪು ಕಾಲದಲ್ಲೇ ನೆಟ್ಟರೆನ್ನಲಾದ ಈ ಆಸ್ಟ್ರೇಲಿಯಾದ ಮರ ಬಹುಕಾಲ ಬೆಟ್ಟದಲ್ಲೇ ಇತ್ತು. 1972ರಲ್ಲಿ ಹರಿಹರದ ಬಳಿ ತುಂಗಭದ್ರೆಯ ದಂಡೆಯಲ್ಲಿ ರೇಯಾನ್ ತಿರುಳಿನ ಕಾರ್ಖಾನೆ ಶುರುವಾಯಿತು. ಮರಕ್ಕೆ ಖಾತರಿ ಗಿರಾಕಿ ಸಿಕ್ಕಿದ. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದೊಂದಿಗೆ ಸಾಮಾಜಿಕ ಅರಣ್ಯ ಯೋಜನೆ ಬಂತು. ಸೌದೆ, ಮೇವು ಹಳ್ಳಿಗೆ ಎಂದು ಹೊರಟ ಯೋಜನೆಯ ಸಸಿಗಳಲ್ಲಿ ದೊಡ್ಡ ಪಾಲು ನೀಲಗಿರಿ. ದನ ಅದರ ಎಲೆಗೆ ಬಾಯಿ ಹಾಕುವುದಿಲ್ಲ, ಹಾಗಾಗಿ ಬೇಲಿ ಬೇಡ. ಕಳೆ ಕೀಳುವ, ಕೊಯ್ಯುವ, ಒಕ್ಕುವ ಆಳೂ ಬೇಡ. ಜಮೀನು ಊರಲ್ಲಿ, ಮನೆ ಬೆಂಗಳೂರಲ್ಲಿ ಇದ್ದವರಿಗೆ ಇದಕ್ಕಿಂತ ಅನುಕೂಲ ಇನ್ನೇನು? ಕೋಲಾರದ ಕಡೆ ರಾಗಿ ಹೊಲಗಳೇ ತೋಪುಗಳಾದವು. ನೆಟ್ಟವರನ್ನು ದೂರುವುದು ಸುಲಭ. ಮಳೆ ನಂಬಿ ರಾಗಿ ಬೆಳೆದವನಿಗೆ ಸಿಗುತ್ತಿದ್ದ ಬೆಲೆಯನ್ನೂ ನೆನೆಯಬೇಕು. ನಿಜವಾದ ನಷ್ಟ ಆದದ್ದು ಆ ಹೊಲಗಳಲ್ಲಿ ದುಡಿದು ಕೂಲಿಯನ್ನು ಕಾಳಿನಲ್ಲಿ ಪಡೆಯುತ್ತಿದ್ದವರಿಗೆ. ಅವರ ಪಾಲಿನ ರಾಗಿ ಲಾರಿ ಹತ್ತದೆಯೇ ಕಾಣೆಯಾಯಿತು.

1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿಮಡಿಗಳಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ರೈತ ಸಂಘಕ್ಕೆ ಆಗಿನ್ನೂ ಎಳೆ ವಯಸ್ಸು. ಹೊಸದಾಗಿ ನೀಲಗಿರಿ ನೆಡಬಾರದು ಎಂದು ಸರ್ಕಾರ ಆದೇಶಿಸಿದ್ದು 2017ರಲ್ಲಿ, ಮೂವತ್ನಾಲ್ಕು ವರ್ಷದ ಮೇಲೆ! ಅಷ್ಟರಲ್ಲಿ ತೋಪುಗಳು ಹಲವು ಸಲ ಕಟಾವಾಗಿದ್ದವು. ಕಡಿದರೂ ಬುಡದಿಂದ ಮತ್ತೆ ಚಿಗುರುವ ಮರ ಅದು. ಹೊಲವನ್ನು ಮರಳಿ ಪಡೆಯಲು ಜೆಸಿಬಿ ತರಿಸಿ ಬೇರುಸಹಿತ ಅಗೆಸಬೇಕು, ಅದರ ಖರ್ಚು ಒಕ್ಕಲಿನದೇ.

ಹೀಗೆ ಬಿಡಿಸಿಕೊಂಡ ಹೊಲದಲ್ಲೂ ಅಕ್ಕಡಿ ತಾನಾಗಿ ಮರಳುವುದಿಲ್ಲ. ಈಗ ರಾಗಿಯನ್ನು ಟ್ರ್ಯಾಕ್ಟರಿನಲ್ಲಿ ಉತ್ತು ಚೆಲ್ಲುತ್ತಾರೆ, ಆಳು ಸಿಗದ ಕಡೆ ಕೊಯ್ಲಿಗೂ ಯಂತ್ರ ಕರೆಸುತ್ತಾರೆ. ರಾಗಿ ಕಟಾವಿಗೆ ಬಂದಾಗ ಅವರೆ ಹೂವಿನಲ್ಲಿರುತ್ತದೆ. ಯಂತ್ರ ಎರಡನ್ನೂ ಒಟ್ಟಿಗೆ ಕತ್ತರಿಸಿ ನುಂಗುತ್ತದೆ. ಹಗಲು ಕಿರಿದಾಗುವುದನ್ನು ಕಾಯದೆ ಯಾವ ತಿಂಗಳಲ್ಲಾದರೂ ಕಾಯಿ ಬಿಡುವ ಹೆಬ್ಬಾಳ ಅವರೆಯ ತಳಿಗಳು ಬಂದ ಮೇಲೆ ಅವರೆಯೇ ಪ್ರತ್ಯೇಕ ಬೆಳೆಯಾಯಿತು. ಪೇಟೆಯಲ್ಲಿ ವರ್ಷವಿಡೀ ಕಾಯಿ ಸಿಗುತ್ತದೆ, ಸೊಗಡು ಮಾತ್ರ ಸಾಲದು.

ಆದರೂ ಮನೆಯ ಊಟಕ್ಕೆಂದು ಅರ್ಧ ಎಕರೆಯನ್ನು ಯಂತ್ರಕ್ಕೆ ಬಿಡದೆ ಉಳಿಸಿಕೊಂಡವರಿದ್ದಾರೆ. ಮಾರುವ ರಾಗಿ ಆ ಕಡೆ, ಉಣ್ಣುವ ರಾಗಿ, ಅಕ್ಕಡಿ ಈ ಕಡೆ. ಪುನರ್ವಸು ಮಳೆ ಹದವಾಗಿ ಬಿದ್ದರೆ ಅಟ್ಟದ ಮೇಲಿನ ಸಡ್ಡೆ ಕೆಳಗಿಳಿದು ಹೋಗುವುದು ಈ ಅರ್ಧ ಎಕರೆಗೇ.