ಬರಡು ಚಂದ್ರನ ಒಕ್ಕಲು

ಚಂದ್ರನಲ್ಲಿ ಜೀವಿಗಳಿದ್ದರೆ ಆ ಸುಡುಬಿಸಿಲಿನಲ್ಲಿ, ಆ ಕೊರೆಯುವ ಚಳಿಯಲ್ಲಿ ಬದುಕುವುದು ಹೇಗೆ? ಇದನ್ನು ಲೆಕ್ಕ ಹಾಕಿಯೇ ಉತ್ತರಿಸಲು ಹೊರಟ ಕಥೆ ಯೋಹಾನೆಸ್ ಕೆಪ್ಲರ್ ಅವರ ‘ಸೋಮ್ನಿಯಂ’. ಗ್ರಹಗಳ ಚಲನೆಯ ಮೂರು ನಿಯಮಗಳನ್ನು ಕೊಟ್ಟ ಅದೇ ಖಗೋಳಜ್ಞ. ಲ್ಯಾಟಿನ್‌ನಲ್ಲಿ ಬರೆದ ಈ ‘ಕನಸು’ ಅಚ್ಚಾದದ್ದು 1634ರಲ್ಲಿ, ಅವರು ತೀರಿಕೊಂಡು ನಾಲ್ಕು ವರ್ಷವಾದ ಮೇಲೆ. ಅಲ್ಲಿನ ಹಗಲು ನಮ್ಮ ಹದಿನಾಲ್ಕು ದಿನದಷ್ಟು ಉದ್ದ, ಇರುಳೂ ಅಷ್ಟೇ. ಹಾಗಾಗಿ ಜೀವಿಗಳು ಭಾರೀ ಗಾತ್ರಕ್ಕೆ ಬೇಗ ಬೆಳೆದು ಬೇಗ ಸಾಯುತ್ತವೆ. ಕೆಲವು ಹಿಂದೆ ಸರಿಯುವ ನೀರಿನ ಬೆನ್ನು ಹತ್ತಿ ಅಲೆಯುತ್ತವೆ, ಕೆಲವು ಗವಿಗಳಲ್ಲಿ ಅವಿತುಕೊಳ್ಳುತ್ತವೆ. ನೆಲದ ಕ್ರೌರ್ಯವೇ ಅಲ್ಲಿಯವರ ಮೈಯನ್ನೂ ನಡೆಯನ್ನೂ ರೂಪಿಸುತ್ತದೆ. ಮುಂದೆ ಬಂದ ಒಳ್ಳೆಯ ಚಂದ್ರಕಥೆಗಳೆಲ್ಲ ಈ ಜಾಡಿನವು ಎಂದೇ ನನ್ನ ಎಣಿಕೆ.

ಎಚ್.ಜಿ. ವೆಲ್ಸ್ 1901ರ ಕಾದಂಬರಿಯಲ್ಲಿ ಚಂದ್ರನ ಗಾಳಿಯನ್ನೇ ಇರುಳಲ್ಲಿ ಹೆಪ್ಪುಗಟ್ಟಿಸಿದರು. ಬೆಳಗಾದಂತೆ ಅದು ಕರಗುತ್ತದೆ, ಗಿಡಗಳು ಕಣ್ಣೆದುರೇ ಚಿಗುರುತ್ತವೆ. ಅಲ್ಲಿನ ನಿವಾಸಿಗಳಾದ ಸೆಲೆನೈಟರು ಮಾತ್ರ ನೆಲದಡಿಯಲ್ಲೇ ಬಾಳುತ್ತಾರೆ. ಆಮೇಲೆ ಕೆಲವು ಲೇಖಕರು ಗುರುವಿನ ಚಂದ್ರರತ್ತ ಮುಖ ಮಾಡಿದರು. ಅವರಲ್ಲಿ ರಾಬರ್ಟ್ ಹೈನ್‌ಲೈನ್ 1950ರಲ್ಲಿ ಬರೆದ ‘ಫಾರ್ಮರ್ ಇನ್ ದ ಸ್ಕೈ’ ನನಗೆ ಇಷ್ಟ. ಗುರುವಿನ ಚಂದ್ರ ಗ್ಯಾನಿಮೀಡ್‌ಗೆ ಹೋದ ರೈತ ಕುಟುಂಬಗಳು ಬಂಡೆಯನ್ನು ಪುಡಿ ಮಾಡಿ, ಅದಕ್ಕೆ ಜೀವಾಣುಗಳನ್ನು ಬೆರೆಸಿ, ಮಣ್ಣನ್ನೇ ಮೊದಲು ತಯಾರಿಸಬೇಕು. ಉಳುವ ಮಾತು ಆಮೇಲೆ!

ಈ ಪರಂಪರೆಯ ಶಿಖರ ಉರ್ಸುಲಾ ಲೆ ಗ್ವಿನ್ ಅವರ ‘ದ ಡಿಸ್ಪೊಸೆಸ್ಡ್’ (1974). ಉರಾಸ್ ಎಂಬ ಸಮೃದ್ಧ ಲೋಕದ ಚಂದ್ರ ಅನಾರಿಸ್. ಒಡೆತನ ಬೇಡ, ಸರ್ಕಾರ ಬೇಡ ಎಂದು ಉರಾಸ್ ತೊರೆದವರ ವಂಶಸ್ಥರು ಅಲ್ಲಿದ್ದಾರೆ. ಕಡಲಲ್ಲಿ ಮೀನುಂಟು, ನೆಲದ ಮೇಲೆ ಪ್ರಾಣಿಯೇ ಇಲ್ಲ. ಹೋಲಮ್ ಎಂಬ ಗಿಡವೇ ಬಹುಪಾಲು ಆಸರೆ. ಬರ ಬಿದ್ದಾಗ ಹಂಚಿಕೊಳ್ಳದೆ ಯಾರೂ ಉಳಿಯುವಂತಿಲ್ಲ. ಆದರೆ ಹಂಚುವ ಧರ್ಮವೂ ಹಸಿವಿನ ಮುಂದೆ ಎಷ್ಟು ಅಲ್ಲಾಡುತ್ತದೆ ಎಂಬುದನ್ನು ಲೆ ಗ್ವಿನ್ ಮುಚ್ಚಿಡುವುದಿಲ್ಲ. ಕಥಾನಾಯಕ ಶೆವೆಕ್ ಭೌತವಿಜ್ಞಾನಿ. ಬರಗಾಲದಲ್ಲಿ ಯಾರಿಗೆಷ್ಟು ಪಡಿ ಎಂದು ಪಟ್ಟಿ ಮಾಡುವ ಕೆಲಸ ಅವನ ಪಾಲಿಗೆ ಬರುತ್ತದೆ. ಅದನ್ನು ತಾಳಲಾರದೆ ಬಿಟ್ಟುಬರುತ್ತಾನೆ. ಪಟ್ಟಿ ಮಾಡಲು ಇನ್ನೊಬ್ಬ ಸಿಕ್ಕೇ ಸಿಗುತ್ತಾನೆ ಎಂದೂ ಅವನಿಗೆ ಗೊತ್ತು. ರಾಕ್ಷಸರಿಲ್ಲದೆ, ಸ್ಫೋಟಗಳಿಲ್ಲದೆ ಒಂದು ಚಂದ್ರ ಇಷ್ಟು ಭಯ ಹುಟ್ಟಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

1979ರಲ್ಲಿ ವಾಯೇಜರ್ ನೌಕೆಗಳು ಗುರುವಿನ ಬಳಿ ಹಾದು ಹೋದವು. ಅದರ ಚಂದ್ರರಲ್ಲಿ ಅಯೋದಲ್ಲಿ ಜೀವಂತ ಜ್ವಾಲಾಮುಖಿಗಳು ಕಂಡವು, ಯುರೋಪಾದ ಮೈತುಂಬ ಬಿರುಕುಬಿಟ್ಟ ಹಿಮ. ಆ ಹಿಮದಡಿ ಕಡಲಿರಬಹುದೆಂಬ ಊಹೆಯನ್ನು ಆರ್ಥರ್ ಸಿ. ಕ್ಲಾರ್ಕ್ 1982ರ ‘2010: ಒಡಿಸ್ಸಿ ಟೂ’ನಲ್ಲಿ ಕಥೆಯಾಗಿಸಿದರು: ನೀರು ತುಂಬಿಕೊಳ್ಳಲು ಇಳಿದ ಚೀನಾದ ನೌಕೆಯ ದೀಪಕ್ಕೆ ಆಸೆಪಟ್ಟು ಆಳದಿಂದೊಂದು ಜೀವಿ ತೆವಳಿ ಬರುತ್ತದೆ. ಸಿನಿಮಾ ಹೆಚ್ಚಾಗಿ ಹಿಡಿದದ್ದು ಭೀತಿಯ ದಾರಿಯನ್ನು. 1986ರ ‘ಏಲಿಯನ್ಸ್’ನಲ್ಲಿ ಎಲ್‌ವಿ-426 ಎಂಬ ಚಂದ್ರನ ವಸಾಹತಿಗೆ ವಸಾಹತೇ ನಾಶ.

‘ಏಲಿಯನ್ಸ್’ ನಿರ್ದೇಶಿಸಿದ ಜೇಮ್ಸ್ ಕ್ಯಾಮರೂನ್ ಅವರೇ 2009ರಲ್ಲಿ ‘ಅವತಾರ್’ ಮೂಲಕ ಆ ನೋಟವನ್ನು ತಿರುಗಿಸಿದರು. ಪಂಡೋರಾ ಎಂಬ ಚಂದ್ರನ ಗಾಳಿ ಮನುಷ್ಯರಿಗೆ ವಿಷ, ಅಲ್ಲಿ ಹುಟ್ಟಿದ ನಾವಿ ಜನಕ್ಕೆ ಸಹಜ ಉಸಿರು. ಗಣಿಗೆಂದು ಬಂದವರಿಗಷ್ಟೇ ಅದು ಕ್ರೂರ ಲೋಕ. ಕಥೆಯ ಹಂದರ ಹಳೆಯದೇ. ಆದರೆ ಕೊನೆಯ ಹೊತ್ತಿನ ಒಂದು ದೃಶ್ಯ ಮನಸ್ಸಿನಿಂದ ಹೋಗುವುದಿಲ್ಲ. ಉಸಿರಾಟದ ಮುಖವಾಡ ಕೈಗೆಟುಕದೆ ಕಥಾನಾಯಕ, ಮನುಷ್ಯ ಜೇಕ್ ಉಸಿರುಗಟ್ಟಿ ಬಿದ್ದಿದ್ದಾನೆ. ಅವನ ಪ್ರೇಯಸಿ, ನಾವಿ ಹೆಣ್ಣು ನೇಯ್ತಿರಿ ಓಡಿಬಂದು ಅದನ್ನು ಅವನ ಮುಖಕ್ಕೆ ಒತ್ತಿ, ತನ್ನ ಮುಂದೆ ಪುಟ್ಟದಾದ ಆ ದೇಹವನ್ನು ಎಳೆಗೂಸಿನಂತೆ ತೋಳಲ್ಲಿ ಎತ್ತಿ ಹಿಡಿಯುತ್ತಾಳೆ.